ಮೂಳೆಯನ್ನು ಆಸಿಡ್ಡಿನಲ್ಲಿ ಇಟ್ಟಾಗ ಏನು ಉಳಿಯುತ್ತದೆ: ನನ್ನ ಅನುಭವ

ದಾವಣಗೆರೆಯ ಒಂದು ಪೆಥಾಲಜಿ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಮೂಳೆಯ ಬಯಾಪ್ಸಿ, ಅಂದರೆ ಪರೀಕ್ಷೆಗೆ ತೆಗೆದ ತುಂಡು, ಬಂದರೆ ರಿಪೋರ್ಟ್ ತಡವಾಗುತ್ತದೆ. "ಅಣ್ಣಾ, ಇನ್ನೂ ಆಗಿಲ್ವಾ?" ಅಂತ ರೋಗಿಯ ಮನೆಯವರು ಕೇಳುತ್ತಾನೇ ಇರುತ್ತಾರೆ. ತಡ ಯಾಕೆಂದರೆ, ಮೈಕ್ರೋಸ್ಕೋಪಿನಲ್ಲಿ ನೋಡಲು ಗಟ್ಟಿ ಮೂಳೆಯನ್ನು ಹಾಗೇ ತೆಳುವಾಗಿ ಕತ್ತರಿಸಲು ಆಗುವುದಿಲ್ಲ, ಕತ್ತರಿಸುವ ಯಂತ್ರವಾದ ಮೈಕ್ರೋಟೋಮಿನ ಬ್ಲೇಡೇ ಹಾಳಾಗುತ್ತದೆ. ಮೊದಲು ಅದರೊಳಗಿನ ಖನಿಜ ತೆಗೆಯಬೇಕು.

ಕೊಳೆಯದಂತೆ ಕಾಪಾಡುವ ಫಾರ್ಮಲಿನ್‌ ದ್ರಾವಣದಲ್ಲಿ ಚೆನ್ನಾಗಿ ಫಿಕ್ಸ್ ಆದ ಮೇಲೆ ತುಂಡನ್ನು ಬ್ಯಾಂಡೇಜಿನಂಥ ಗಾಜ್ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಫಾರ್ಮಿಕ್ ಆಸಿಡ್ಡಿನ ನಡುವೆ ತೂಗುಬಿಡುತ್ತೇನೆ. ತಳಕ್ಕೆ ಕೂತರೆ ಆ ಬದಿಗೆ ಆಸಿಡ್ ಸರಿಯಾಗಿ ಮುಟ್ಟುವುದಿಲ್ಲ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಮೂಳೆಯ ಖನಿಜ ಕ್ಯಾಲ್ಸಿಯಂ ಫಾಸ್ಫೇಟ್ ಜಾತಿಯ ಹೈಡ್ರಾಕ್ಸಿಅಪಟೈಟ್, ಅದರಲ್ಲಿ ಸ್ವಲ್ಪ ಕಾರ್ಬೊನೇಟೂ ಸೇರಿರುತ್ತದೆ, ಆ ಕಾರ್ಬೊನೇಟೇ ಗ್ಯಾಸ್ ಆಗಿ ಹೊರಡುವುದು.

ಮುಗಿದಿದೆಯಾ ಅಂತ ಸೂಜಿ ಚುಚ್ಚಿ ನೋಡುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ, ತುಂಡಿನಲ್ಲಿ ತೂತು ಬೀಳುತ್ತದೆ. ನಾನು ಬಳಸಿದ ಆಸಿಡ್ ಸ್ವಲ್ಪ ತೆಗೆದು, ಲಿಟ್ಮಸ್ ನೋಡುತ್ತಾ ಅಮೋನಿಯಾ ಹಾಕಿ ಹುಳಿ ಕಳೆದು, ಅಮೋನಿಯಂ ಆಕ್ಸಲೇಟ್ ಬೆರೆಸುತ್ತೇನೆ. ಬೆಳ್ಳಗೆ ಕದಡಿದರೆ ಕ್ಯಾಲ್ಸಿಯಂ ಇನ್ನೂ ಬರುತ್ತಿದೆ, ಹೊಸ ಆಸಿಡ್ ಹಾಕಬೇಕು. ಬೇಗ ಆಗಲಿ ಅಂತ ಬಿಸಿ ಮಾಡಲೇಬಾರದು. ಜೀವಕೋಶದ ನ್ಯೂಕ್ಲಿಯಸ್ ಆಮೇಲೆ ಮೈಕ್ರೋಸ್ಕೋಪಿನಲ್ಲಿ ಕಾಣಲೆಂದು ಹಾಕುವ ಬಣ್ಣವನ್ನೇ ಹಿಡಿಯುವುದಿಲ್ಲ. ಏಪ್ರಿಲ್‌ನಲ್ಲಿ ನಮ್ಮೂರ ಸೆಖೆಗೆ ಇನ್ನೂ ಜಾಸ್ತಿ ಹುಷಾರಾಗಿರಬೇಕು.

ಹೊರಗೆ ತೆಗೆದಾಗ ಆಕಾರ ಹಾಗೇ ಇರುತ್ತದೆ, ಆದರೆ ಬೆರಳಲ್ಲಿ ಒತ್ತಿದರೆ ರಬ್ಬರಿನಂತೆ ಬಗ್ಗುತ್ತದೆ. ಉಳಿದಿದ್ದು ಹೆಚ್ಚಾಗಿ ಕೊಲಾಜೆನ್ ಎಂಬ ಪ್ರೋಟೀನ್. ಮೂರು ಎಳೆ ಹುರಿಗೊಂಡ ಇದರ ರಚನೆಯನ್ನು 1954ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಮುಂದಿಟ್ಟರು. ಹೀಗೆ ಹುರಿಗೊಂಡ ಅಣುಗಳು ಒಂದರ ಪಕ್ಕ ಒಂದು ಸುಮಾರು 67 ನ್ಯಾನೋಮೀಟರ್ ಸರಿದು ಕೂರುತ್ತವೆ, ಹಾಗಾಗಿ ತುದಿಗಳ ನಡುವೆ ಸಂದು ಉಳಿಯುತ್ತದೆ. ಖನಿಜ ಮೊದಲು ಆ ಸಂದಿನೊಳಗೇ ಹರಳುಗಟ್ಟುತ್ತದೆ, ಆಮೇಲೆ ಅಣುಗಳ ನಡುವೆ ಹರಡುತ್ತದೆ. ಆಸ್ಟಿಯೋಪಾಂಟಿನ್‌ನಂಥ ಪ್ರೋಟೀನ್‌ಗಳು ಹರಳಿಗೆ ಅಂಟಿಕೊಂಡು ಅದು ಮಿತಿಮೀರಿ ಬೆಳೆಯದಂತೆ ತಡೆಯುತ್ತವೆ. ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಖನಿಜವೇ, ನಿಜ. ಆದರೆ ಎಲ್ಲಿ ಕೂರಬೇಕು, ಎಷ್ಟು ಬೆಳೆಯಬೇಕು ಎನ್ನುವುದರಲ್ಲಿ ಪ್ರೋಟೀನಿನ ಕೈ ದೊಡ್ಡದು.

ಅದಕ್ಕೇ "ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಸಾಕು ಅಲ್ವಾ" ಅಂತ ಯಾರಾದರೂ ಕೇಳಿದರೆ, ಬೇಳೆ, ಮೊಟ್ಟೆ ಬಿಡಬೇಡಿ ಅಂತ ಹೇಳುತ್ತೇನೆ. ಜಗಳೂರು, ಮೊಳಕಾಲ್ಮುರು ಕಡೆಯವರಿಗೆ ಇನ್ನೊಂದು ಮಾತು. ಅಲ್ಲಿನ ಎಷ್ಟೋ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದು ಮೂಳೆಯ ಖನಿಜದ ಹರಳಿನೊಳಗೆ ಹೈಡ್ರಾಕ್ಸಿಲ್ (OH) ಇರುವ ಜಾಗದಲ್ಲಿ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಕುಡಿದರೆ ಎಕ್ಸ್‌ರೇಯಲ್ಲಿ ಮೂಳೆ ದಟ್ಟವಾಗಿ ಕಾಣುತ್ತದೆ, ಆದರೆ ಬೆನ್ನು, ಕೀಲು ಬಿಗಿದುಕೊಳ್ಳುತ್ತವೆ, ಮೂಳೆ ಮುರಿಯುವುದೂ ಸುಲಭ. ನಿಮ್ಮ ಬೋರಿನ ನೀರನ್ನು ಟೆಸ್ಟ್ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, 1.5 ದಾಟಿದರೆ ಕುಡಿಯಲು ಬೇರೆ ನೀರು ನೋಡಿಕೊಳ್ಳಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ.