ಮಕ್ಕಳ ಕೀಮೋ, ಕಿಡ್ನಿ ಮತ್ತು ಜೀನು: ನನ್ನ ಅನುಭವ

ನಾನು ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರು. ಬೆಂಗಳೂರಿನಲ್ಲಿ ಕೀಮೋ ಮಾಡಿಸಿಕೊಂಡು ಬರುವ ಮಕ್ಕಳನ್ನು ಎರಡು ಸೈಕಲ್ (ಕೀಮೋ ಸುತ್ತು) ನಡುವೆ ನೋಡಿಕೊಳ್ಳುತ್ತೇನೆ. ಮೂಳೆ ಕ್ಯಾನ್ಸರ್ ಇದ್ದವರಿಗೆ ಸಾಮಾನ್ಯವಾಗಿ ಸಿಸ್‌ಪ್ಲಾಟಿನ್ ಇರುತ್ತದೆ. ಜೀವ ಉಳಿಸುವ ಔಷಧಿ ಅದು, ಆದರೆ ಕಿಡ್ನಿಗೆ ಪೆಟ್ಟು ಕೊಡುತ್ತದೆ.

ಮಗು ಬಂದ ಕೂಡಲೇ ಮೊದಲು ಎತ್ತರ ಅಳೆಯುತ್ತೇನೆ. ಲ್ಯಾಬ್ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ) 0.9 ಅಂತ ಇದ್ದರೆ ಮನೆಯವರು 'ನಾರ್ಮಲ್' ಅಂತ ನಿಟ್ಟುಸಿರು ಬಿಡುತ್ತಾರೆ. ಆ ನಾರ್ಮಲ್ ಎಷ್ಟೋ ಸಲ ದೊಡ್ಡವರ ಲೆಕ್ಕ. 120 ಸೆಂಟಿಮೀಟರ್ ಎತ್ತರದ ಮಗುವಿಗೆ 0.413ನ್ನು ಎತ್ತರದಿಂದ ಗುಣಿಸಿ, ಕ್ರಿಯಾಟಿನಿನ್‌ನಿಂದ ಭಾಗಿಸಿ ನೋಡಿ. 0.5 ಇದ್ದಾಗ 99 ಬರುತ್ತದೆ, 0.9 ಆದರೆ ಬರೀ 55. ಕಿಡ್ನಿ ಸೋಸುವ ಶಕ್ತಿ ಹತ್ತಿರಹತ್ತಿರ ಅರ್ಧಕ್ಕೆ ಇಳಿದಿದೆ ಅಂತ ಅರ್ಥ. ತಕ್ಷಣ ಬೆಂಗಳೂರಿಗೆ ಫೋನ್ ಮಾಡುತ್ತೇನೆ.

ರಕ್ತದ ಮೆಗ್ನೀಸಿಯಂ ನೋಡುವುದನ್ನೂ ಬಿಡುವುದಿಲ್ಲ. ಸಿಸ್‌ಪ್ಲಾಟಿನ್‌ನಿಂದ ಅದು ಮೂತ್ರದಲ್ಲಿ ಸೋರಿಹೋಗುತ್ತದೆ. ಕೈ ಜುಮ್ಮೆನ್ನುತ್ತದೆ, ಬೆರಳು ಸೆಟೆದುಕೊಳ್ಳುತ್ತವೆ. ಬೇಸಿಗೆಯಲ್ಲಿ ವಾಂತಿ ನಿಲ್ಲದಿದ್ದರೆ ನಾಳೆ ನೋಡೋಣ ಅನ್ನದೆ ಅವತ್ತೇ ಡ್ರಿಪ್. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಬೇಡವೇ ಬೇಡ. ಜ್ವರಕ್ಕೆ ಅಮಿಕಾಸಿನ್ ಎಂಬ ಆಂಟಿಬಯಾಟಿಕ್ ಕೊಡುವ ಮೊದಲೂ ಎರಡು ಸಲ ಯೋಚಿಸುತ್ತೇನೆ, ಇವೂ ಕಿಡ್ನಿಗೆ ಪೆಟ್ಟು ಕೊಡುವಂಥವೇ.

ಮಗುವಿನ ಕಿಡ್ನಿಗೆ ಹೀಗೆ ಪೆಟ್ಟು ಬಿದ್ದಾಗ ಹೊಳಲ್ಕೆರೆ ಕಡೆಯ ಒಬ್ಬ ತಾಯಿ ಕೇಳಿದರು: "ಪಕ್ಕದ ಬೆಡ್ಡಿನ ಹುಡುಗನಿಗೂ ಇದೇ ಔಷಧಿ ಸರ್, ಅವನಿಗೆ ಏನೂ ಆಗ್ಲಿಲ್ಲ. ನಮ್ಮ ಅತ್ತೆ ಇದು ನನ್ನ ತವರಿನ ಕಡೆಯಿಂದ ಬಂದಿದ್ದು ಅಂತಾರೆ."

ಮಗುವಿನ ಜೀನುಗಳಲ್ಲಿ ವ್ಯತ್ಯಾಸ ಇರುವುದು ನಿಜ. ರಕ್ತದಲ್ಲಿರುವ ಸಿಸ್‌ಪ್ಲಾಟಿನ್ ಕಿಡ್ನಿಯ ಜೀವಕೋಶದೊಳಗೆ ಹೋಗಲು ಓಸಿಟಿ2 ಎಂಬ ಬಾಗಿಲಿದೆ. ಆ ಬಾಗಿಲನ್ನು ತಯಾರಿಸುವ ಜೀನು ಎಸ್‌ಎಲ್‌ಸಿ22ಎ2. ಇದರ ಒಂದು ರೂಪ ಇರುವವರಲ್ಲಿ ಕಿಡ್ನಿಗೆ ಪೆಟ್ಟು ಕಡಿಮೆ ಅಂತ ಕೆಲವು ಅಧ್ಯಯನಗಳು ಹೇಳುತ್ತವೆ, ಎಲ್ಲವೂ ಒಪ್ಪುವುದಿಲ್ಲ. ಅದಕ್ಕೇ ಈ ಟೆಸ್ಟಿಗಾಗಿ ಸಾಲ ಮಾಡಬೇಡಿ ಅಂತ ಹೇಳುತ್ತೇನೆ. ಇಂಥ ರೂಪಗಳು ಆರೋಗ್ಯವಂತರಲ್ಲೂ ಇರುತ್ತವೆ. ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು. ಇದನ್ನು ಅತ್ತೆಯವರನ್ನೂ ಕೂರಿಸಿಕೊಂಡೇ ಹೇಳಿದೆ. ಹೇಳಲೇಬೇಕಿತ್ತು.

ಕೀಮೋ ಮುಗಿದ ಮೇಲೂ ಬಿಪಿ, ಮೂತ್ರ, ಕ್ರಿಯಾಟಿನಿನ್, ಮೆಗ್ನೀಸಿಯಂ ನೋಡಿಸುತ್ತಿರಬೇಕು. ಯಾವ ಔಷಧಿ, ಒಟ್ಟು ಎಷ್ಟು ಡೋಸ್ ಅಂತ ಫೈಲಿನ ಮೊದಲ ಹಾಳೆಯಲ್ಲೇ ಬರೆದು ಕೊಡುತ್ತೇನೆ. ಓದಿಗೋ ಕೆಲಸಕ್ಕೋ ಬೇರೆ ಊರಿಗೆ ಹೋದಾಗ ಅಲ್ಲಿನ ಡಾಕ್ಟರಿಗೆ ಆ ಹಾಳೆ ತೋರಿಸಿದರೆ ಸಾಕು.