ನಾಯಿಮರಿ ಬರ್ತ್‌ಡೇಗೆ ಇಡ್ಲಿ ತಟ್ಟೆಯಲ್ಲೇ ಕೇಕ್

ದಾವಣಗೆರೆಯಲ್ಲಿ ನಾಯಿ ಸಾಕಿರೋರಿಗೆಲ್ಲ ಒಂದು ಮಾತು. ಹುಟ್ಟುಹಬ್ಬಕ್ಕೆ ಬೇಕರಿ ಕೇಕ್ ತರಬೇಡಿ, ಮನೆಯಲ್ಲೇ ಮಾಡಿ.

ಒಂದು ಕಪ್ ರಾಗಿ ಹಿಟ್ಟು, ಬೇಯಿಸಿ ಹಿಸುಕಿದ ಸಿಹಿಗುಂಬಳ ಅರ್ಧ ಕಪ್, ಒಂದು ಮೊಟ್ಟೆ. ಇಡ್ಲಿ ಹಿಟ್ಟಿನ ಹದ ಬರುವಷ್ಟು ನೀರು ಹಾಕಿ ಕಲಸಿ, ತಟ್ಟೆಗೆ ಹುಯ್ದು ಹಬೆಯಲ್ಲಿ 15ರಿಂದ 20 ನಿಮಿಷ ಬೇಯಿಸಿ. ಚಾಕು ಚುಚ್ಚಿದರೆ ಅಂಟಬಾರದು. ಉಪ್ಪು, ಸಕ್ಕರೆ, ಬೆಲ್ಲ ಯಾವುದೂ ಬೇಡ. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು ಸವರಿ, ಕ್ಯಾರೆಟ್ ತುರಿ ಉದುರಿಸಿ. ಮಾಂಸ ತಿನ್ನೋ ನಾಯಿಯಾದರೆ ಸಪ್ಪೆಗೆ ಬೇಯಿಸಿದ ಚಿಕನ್ ಎಳೆ ಬಿಡಿಸಿ ಮೇಲಿಡಿ. ಮೂಳೆ ಮಾತ್ರ ಬೇಡವೇ ಬೇಡ, ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತೆ.

ಚಾಕ್ಲೇಟ್, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಪೀನಟ್ ಬಟರ್ ಹಾಕೋದಾದರೆ ಡಬ್ಬಿ ಮೇಲೆ ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕೋ ಸಿಹಿ ಪದಾರ್ಥ) ಅಂತ ಇದೆಯಾ ನೋಡಿ, ಇದ್ದರೆ ಮುಟ್ಟಿಸಲೇಬೇಡಿ. ಪಾರ್ಟಿಗೆ ಬಂದ ಮಕ್ಕಳು ಪ್ರೀತಿಯಿಂದ ಮಂಡಕ್ಕಿ ತಿನ್ನಿಸೋಕೆ ಹೋಗ್ತಾರೆ, ಅದರಲ್ಲಿ ಈರುಳ್ಳಿ ಇರುತ್ತೆ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಹಾಳುಮಾಡುತ್ತವೆ. ಬೆಣ್ಣೆ ದೋಸೆ ಚೂರೂ ಬೇಡ, ಜಿಡ್ಡು ಜಾಸ್ತಿಯಾದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು.

ಚಿಕ್ಕ ನಾಯಿಗೆ ಅರ್ಧ ಇಡ್ಲಿಯಷ್ಟು ಸಾಕು, ಆ ಹೊತ್ತಿನ ಊಟ ಸ್ವಲ್ಪ ಕಮ್ಮಿ ಮಾಡಿ. ಹಾಲು, ಮೊಸರು ಆಗದ ನಾಯಿಗಳೂ ಇರುತ್ತವೆ, ಹಿಂದಿನ ದಿನವೇ ಒಂದು ಚಮಚ ಕೊಟ್ಟು ನೋಡಿ. ಉಳಿದಿದ್ದನ್ನ ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ.