ಹಿರಿಯರ ಕಾಲಿನ ಶಕ್ತಿ ನೋಡಲು ಒಂದು ಕುರ್ಚಿ ಸಾಕು
ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅವ್ವ ಎರಡೂ ಕೈ ಎದೆ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತಾರೆ, ಎಣಿಸಿ. 70ರಿಂದ 74 ವಯಸ್ಸಿನ ಹೆಂಗಸರಿಗೆ 10, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಜಾಸ್ತಿ, ಡಾಕ್ಟರಿಗೆ ತೋರಿಸಿ. ಕೈ ಕಟ್ಟಿದಾಗ ಭಾರವೆಲ್ಲ ತೊಡೆಯೇ ಎತ್ತಬೇಕು. ನಮ್ಮ ವಿಜಯಪುರದ ಕಡೆ ರೊಟ್ಟಿ ಬಡಿದು ಏಳುವಾಗ ಮೊಣಕಾಲಿಗೆ ಕೈ ಊರುತ್ತಾರಲ್ವಾ, ಆ ಕೈಯೇ ತೊಡೆ ಸೋತದ್ದನ್ನು ಮುಚ್ಚಿಡುತ್ತದೆ. ಮಂಚ, ಸೋಫಾ ಮೇಲೆ ಈ ಲೆಕ್ಕ ಹೊಂದುವುದಿಲ್ಲ, ಕುರ್ಚಿ ಸುಮಾರು 17 ಇಂಚು ಎತ್ತರ ಇರಬೇಕು. ಮೊಣಕಾಲು ನೋವಿದ್ದರೆ ಶಕ್ತಿ ಇದ್ದರೂ ಎಣಿಕೆ ಇಳಿಯುತ್ತದೆ. ತಲೆಸುತ್ತು ಇರುವವರಿಗೆ ಮಾಡಿಸಬೇಡಿ. ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ.